ದನದ ಕೊಟ್ಟಿಗೆಯಲ್ಲಿ ಕಲ್ಲು ಮಿಷನ್ನು

ಹೊಲದಲ್ಲಿ ಫ್ಯಾಕ್ಟರಿ ಕಟ್ಟಿ, ಆಮೇಲೆ ಪರ್ಮಿಟ್ ಹುಡುಕುವ ಜನ ನಮ್ಮ ಹೊಸೂರು ಕಡೆ ಇರೋವರೆಗೂ ನನ್ನಂಥ ವಕೀಲನಿಗೆ ನಗುವಿಗೇನೂ ಬರವಿಲ್ಲ. ಉದ್ದನಪಲ್ಲಿ ಹತ್ತಿರದ ಈ ಒಂದು ಕೇಸೇ ಸಾಕು.

೧

ಗುಲಾಬಿ ಬೆಳೆಯುವ ಅಕ್ಕ ಒಬ್ಬರು ಬುಟ್ಟಿ ತುಂಬ ಹೂ ತಂದು ನನ್ನ ಮೇಜಿನ ಮೇಲೆ ಸುರಿದರು. ಪಕ್ಕದ ಹೊಲದಲ್ಲಿ ಅವರ ಭಾವ ಪರ್ಮಿಟ್ ಇಲ್ಲದೆ ಕಲ್ಲು ಪುಡಿಮಾಡುವ ಮಿಷನ್ ಹಾಕಿದ್ದಾನಂತೆ. ಧೂಳು ಕೂತ ಹೂವನ್ನು ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟುತ್ತಿಲ್ಲ, ಹೀಗೇ ಆದರೆ ತೋಟವನ್ನೇ ಕಿತ್ತುಹಾಕಬೇಕು ಅಂತ ಕಣ್ಣಲ್ಲಿ ನೀರು. ಸಮಾಧಾನ ಮಾಡೋಣ ಅಂತ, ಬಿಳಿ ಗುಲಾಬಿ ಚೆನ್ನಾಗೇ ಇದೆಯಲ್ಲಕ್ಕ ಅಂದೆ.

"ಅದು ಕೆಂಪು ಗುಲಾಬಿ ಸಾರ್," ಅಂದರು.

೨

ನಾವು ಹಾಕಿದ ಕೇಸಿಗೆ ಭಾವ ಕೋರ್ಟಿಗೆ ಕೊಟ್ಟ ಉತ್ತರ: ಮಿಷನ್ನೂ ಇಲ್ಲ, ಮಣ್ಣೂ ಇಲ್ಲ, ಅದು ದನದ ಕೊಟ್ಟಿಗೆ. ಪರ್ಮಿಟ್ಟಿಗೆ ಅವನು ಹಾಕಿದ ಅರ್ಜಿಯಲ್ಲಿ ಮಾತ್ರ ಅದೇ ಜಾಗ ಹುಲ್ಲೂ ಹುಟ್ಟದ ಬಂಜರು. ಏನು ಜನ್ಮವೋ! ಕೋರ್ಟಿನ ಹೊರಗೆ ಅಕ್ಕ ಬಿಡಲಿಲ್ಲ. ಕೊಟ್ಟಿಗೆಗೆ ಫ್ಯಾಕ್ಟರಿ ಕರೆಂಟು ಯಾಕೆ ಭಾವ ಅಂದರು.

"ದನಕ್ಕೆ ಸೆಕೆ ಕಣಮ್ಮ, ಫ್ಯಾನ್ ಹಾಕಿವ್ನಿ," ಅಂದ.

೩

ಜಾಗ ನೋಡಿಕೊಂಡು ಬರಲು ಕೋರ್ಟು ಒಬ್ಬ ಹಿರಿಯ ವಕೀಲರನ್ನು ಕಮಿಷನರ್ ಅಂತ ನೇಮಿಸಿತು. ಅವರಿಗೆ ಬಿಡುವಿದ್ದದ್ದು ಆಯುಧಪೂಜೆ ರಜೆಯಂದೇ. ನಾವು ಹೋಗುವಷ್ಟರಲ್ಲಿ ಭಾವ ಊರೊಳಗಿಂದ ಎರಡು ಹಸು ಎರವಲು ತಂದು ಕಟ್ಟಿ, ಮಿಷನ್ನಿಗೆ ಟಾರ್ಪಾಲು ಹೊದಿಸಿ, ಮೇಲೆ ಹುಲ್ಲು ಹರಡಿದ್ದ. ಅದು ಹುಲ್ಲಿನ ಮೆದೆಯಂತೆ. ಕಮಿಷನರ್ ಹಸು ನೋಡಿ, ಕೊಟ್ಟಿಗೆ ಅಂತಲೇ ಬರೆದುಕೊಳ್ಳಲು ಪೆನ್ನು ತೆಗೆದರು. ಅಕ್ಕನ ಮುಖ ಬಾಡಿತು. ಕೇಸು ಹೋಯಿತು ಅಂತ ನಾನೂ ಅಂದುಕೊಂಡೆ.

ಅಷ್ಟರಲ್ಲಿ ಭಾವನ ಮುದಿ ತಾಯಿ ಆರತಿ ತಟ್ಟೆ, ಬೂದುಗುಂಬಳ ಹಿಡಿದು ಬಂದರು. ಮಗ ಕೆಮ್ಮಿದ, ಕೈಸನ್ನೆ ಮಾಡಿದ. ಅಜ್ಜಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಇವತ್ತು ಪೂಜೆ ಬಿಟ್ಟರೆ ಮಿಷನ್ನು ವರ್ಷವೆಲ್ಲ ಕೆಟ್ಟು ಕೂರುತ್ತದೆ ಅನ್ನುತ್ತಾ ಟಾರ್ಪಾಲು ಎಳೆದೇಬಿಟ್ಟರು. ಮಿಷನ್ನಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಹಾರ ಹಾಕಿ ಕುಂಬಳಕಾಯಿ ಒಡೆದರು. ಪೂಜೆಯಾದ ಮೇಲೆ ಒಂದು ಸುತ್ತು ಓಡಿಸಲೇಬೇಕಲ್ಲ, ಸ್ವಿಚ್ಚನ್ನೂ ಹಾಕಿದರು. ಆ ಸದ್ದಿಗೆ ಹಸುಗಳು ಹಗ್ಗ ಕಿತ್ತುಕೊಂಡು ತಮ್ಮ ತಮ್ಮ ಮನೆಗೆ ಓಡಿದವು.

ಮುಂದಿನ ವಾಯಿದೆಗೇ ಮಿಷನ್ ನಿಲ್ಲಿಸಲು ಆರ್ಡರ್ ಆಯಿತು, ಅಕ್ಕನ ತೋಟ ಉಳಿಯಿತು. ಆದರೆ ಇವತ್ತಿಗೂ ನನಗೆ ನಗು ತರಿಸುವುದು ಅಜ್ಜಿಯ ಮಾತು. ಅವತ್ತು ಕಮಿಷನರ್ ಧೂಳು ಕೊಡವಿಕೊಳ್ಳುತ್ತಾ, ಏನು ಬೇಡಿಕೊಂಡಿರಿ ತಾಯಿ ಅಂತ ಕೇಳಿದ್ದರು. ಅಜ್ಜಿ ಅವರ ಕೈಗೆ ಪುರಿ ಕಡಲೆ ಹಾಕಿ ಹೇಳಿದರು:

"ಪರ್ಮಿಟ್ ಬರೋಗಂಟ ಇದು ಕೋರ್ಟಿನೋರ ಕಣ್ಗೆ ಬೀಳ್ದಂಗೆ ಕಾಪಾಡಪ್ಪಾ ಅಂತ ಬೇಡ್ಕಂಡೆ ಸಾಮಿ."