ಘಟಪ್ರಭೆ ಈಜಿದವನ ಸಮುದ್ರಸ್ನಾನ

ಅತ್ತೆಗೆ ಕಜ್ಜಿಯಾದರೆ ಅಳಿಯ ಯಾಕೆ ಸಾಯಬೇಕು? ಆ ಬೇಸಿಗೆಯಲ್ಲಿ ಗೋಕಾಕದ ಶಿದ್ಲಿಂಗಪ್ಪನನ್ನು ಕೊರೆಯುತ್ತಿದ್ದ ಪ್ರಶ್ನೆ ಇದೊಂದೇ. ಮೂಡಲಗಿಯ ವೈದ್ಯನೊಬ್ಬ ಅತ್ತೆ ಮಾಯವ್ವನ ಕಾಲು ನೋಡಿ, "ಸಮುದ್ರದ ಉಪ್ಪುನೀರಾಗ ಎರಡು ತಾಸು ಕುಂಡ್ರಿಸ್ರಿ, ಉದುರಿ ಹೋಗತೈತಿ" ಅಂದುಬಿಟ್ಟಿದ್ದ. ಕೊಂಕಣದ ಸಮುದ್ರದಂಡೆಯ ವೆಂಗುರ್ಲೆಗೆ ಹೋಗಿಬರುವುದೆಂದು ಹೆಂಡತಿ ಉದ್ದವ್ವ ಅವತ್ತೇ ಠರಾವು ಪಾಸು ಮಾಡಿದಳು.

"ನೀವಿರೂತನಾ ನಮಗೇನ್ ಅಂಜಿಕಿ ಬಿಡ್ರಿ. ತುಂಬಿದ ಘಟಪ್ರಭಾ ಈಜಿದಾವ್ರು!"

ಎಡವಟ್ಟು ಇದ್ದದ್ದೇ ಅಲ್ಲಿ. ನಲವತ್ತೆರಡರ ಚಳವಳಿಯಲ್ಲಿ ಶಿದ್ಲಿಂಗಪ್ಪ ತಂತಿ ಕಡಿದದ್ದು ಖರೆ. ಲಾಠಿ ತಿಂದದ್ದು ಖರೆ. ಹದಿನಾಲ್ಕು ತಿಂಗಳು ಜೇಲಿನಲ್ಲಿ ಕೂತದ್ದೂ ಖರೆ. ಆದರೆ ಅದನ್ನೆಲ್ಲ ಯಾರು ಕೇಳುತ್ತಾರೆ? ಜನಕ್ಕೆ ಬೇಕಾದದ್ದು, ಬೆನ್ನು ಹತ್ತಿದ ಪೊಲೀಸರಿಗೆ ಕೈಕೊಟ್ಟು, ಧುಪದಾಳದ ಬಳಿ ತುಂಬಿದ ಹೊಳೆಗೆ ಹಾರಿ, ಈಜಿ ಆಚೆ ದಂಡೆ ಮುಟ್ಟಿದ ಕಥೆ. ಆಗಸ್ಟ್ ಒಂಬತ್ತು ಬಂತೆಂದರೆ ಗೋಕಾಕ ಫಾಲ್ಸಿನ ಮಿಲ್ ಕೆಲಸಗಾರರು ಅದನ್ನೇ ಹೇಳಿಸಿ, ಚಪ್ಪಾಳೆ ತಟ್ಟಿ, ಕೊರಳಿಗೆ ಹಾರ ಹಾಕುತ್ತಿದ್ದರು. ಮನೆಯಲ್ಲಿ ಉದ್ದವ್ವ ದಿನಾ ಬೆಳಿಗ್ಗೆ ದೊಡ್ಡ ಹಿತ್ತಾಳೆ ಲೋಟದ ತುಂಬ ಎಮ್ಮೆಹಾಲು ಮುಂದಿಡುತ್ತಿದ್ದಳು. ಈಜಿದ ತೋಳಿಗೆ ಬಲ ಬೇಕಲ್ಲ!

ನಡೆದದ್ದು ಇಷ್ಟು: ಹೊಳೆಗೆ ಬಿದ್ದದ್ದು ಶಿದ್ಲಿಂಗಪ್ಪ, ಈಜಿದ್ದು ಒಂದು ಎಮ್ಮೆ. ಅವನು ಕಣ್ಣು ಮುಚ್ಚಿ ಅದರ ಬಾಲ ಹಿಡಿದಿದ್ದ. (ಅದು ಯಾರ ಎಮ್ಮೆ, ಎಂಥ ಎಮ್ಮೆ, ಅವನಿಗೆ ಗೊತ್ತಿಲ್ಲ. ಬಾಲ ಬಿಟ್ಟು ಉಳಿದ ಭಾಗದ ಪರಿಚಯವಾಗಿರಲಿಲ್ಲ.) ನೀರೆಂದರೆ ಅವನಿಗೆ ಅಂದಿನಿಂದ ಎಷ್ಟು ಭಯವೆಂದರೆ, ಬಾವಿಯಲ್ಲಿ ಇಣುಕಿದರೂ ಎದೆ ಡವಡವ ಎನ್ನುತ್ತಿತ್ತು.

ಹುಕ್ಕೇರಿಯ ಹಾಜಿಮಲಂಗನ ಇದ್ದಲಿನ ಗ್ಯಾಸಿನ ಬಾಡಿಗೆ ಮೋಟಾರು ನಸುಕಿನಲ್ಲೇ ಬಂದು ನಿಂತಿತು. ಮುಂದೆ ಶಿದ್ಲಿಂಗಪ್ಪ, ಹಿಂದೆ ಉದ್ದವ್ವ, ಅವಳ ಬಾಜೂಕ ಮುಸುಕು ಹೊದ್ದ ಮಾಯವ್ವ. ಅಳಿಯನ ಜೊತೆ ಅತ್ತೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹನ್ನೆರಡು ವರ್ಷಗಳಿಂದ ಏನಿದ್ದರೂ ಮಗಳ ಮೂಲಕವೇ.

ಅಂಬೋಲಿ ಘಟ್ಟ ಇಳಿಯುವಾಗ ಶಿದ್ಲಿಂಗಪ್ಪ ಕಣ್ಣು ಮುಚ್ಚಿ ಬಾಗಿಲು ಗಟ್ಟಿಯಾಗಿ ಹಿಡಿದಿದ್ದ.

"ಉದ್ದವ್ವಾ," ಅಂದಳು ಮಾಯವ್ವ, "ನಿಮ್ಮ ಮನಿಯಾವ್ರಿಗೆ ಮೈಯಾಗ ಆರಾಮ ಇಲ್ಲೇನ ಕೇಳ."

"ಧ್ಯಾನ ಮಾಡಾಕತ್ತೇನಿ ಅಂತ ಹೇಳ ನಿಮ್ಮವ್ವಗ!"

ವೆಂಗುರ್ಲೆ ಬಂತು. ಸಮುದ್ರ ಕಂಡಿತು. ಶಿದ್ಲಿಂಗಪ್ಪ ಮೊದಲು ಎಡಕ್ಕೆ ನೋಡಿದ, ಆಮೇಲೆ ಬಲಕ್ಕೆ, ಆಮೇಲೆ ಎದುರಿಗೆ. ಆಚೆ ದಂಡೆಯೇ ಇರಲಿಲ್ಲ. ಎಮ್ಮೆ ಸಿಕ್ಕರೂ ಅದು ಯಾವ ಊರಿಗೆ ಹೋಗಿ ಏಳಬೇಕು?

ಒಂದೇ ಸಮಾಧಾನ. ನೀರು ತಾನಾಗಿ ಹಿಂದೆ ಸರಿಯುತ್ತಿತ್ತು. ಹೊಳೆಯ ಮನುಷ್ಯನ ಲೆಕ್ಕ: ಇಳಿದ ನೀರು ಮುಂದಿನ ಮಳೆಗಾಲದ ತನಕ ಇಳಿದಂತೆಯೇ. ಹಿಂಗೇ ಹೊತ್ತು ಕಳೆದರೆ ಸಂಜೆಯೊಳಗೆ ಸಮುದ್ರವೇ ಹೋಗಿಬಿಡುತ್ತದೆ! ಧೈರ್ಯ ಬಂದು ಅಪ್ಪಣೆ ಕೊಟ್ಟ: "ಮೋಟಾರ ನೀರಿನ ದಂಡಿಗೆ ನಿಂದ್ರಸೋ ಹಾಜಿಮಲಂಗ. ಗಾಲಿ ಕಾದಾವು, ತಣ್ಣಗಾಗಲಿ." ಊರಿನಲ್ಲಿ ಬೇಸಿಗೆಯಲ್ಲಿ ಚಕ್ಕಡಿಯ ಗಾಲಿ ಬಿರಿಯಬಾರದೆಂದು ಹೊಳೆಯಲ್ಲಿ ನಿಲ್ಲಿಸುವುದಿಲ್ಲವೇ? ಹಾಗೆ.

"ಕಾಕಾ, ಇದು ಹೊಳಿ ಅಲ್ಲರಿ," ಅಂದ ಹಾಜಿಮಲಂಗ.

"ನೀರು ನೀರ ಅಲ್ಲೇನ? ನನಗ ಕಲಸ್ತಿ?"

ಮಾಯವ್ವ ಸೀರೆ ಎತ್ತಿ ಕಟ್ಟಿ ಸಮುದ್ರದಲ್ಲಿ ಕೂತುಬಿಟ್ಟಳು, ಮನೆಯ ಹೊಸ್ತಿಲ ಮೇಲೆ ಕೂತಂತೆ.

"ಬರ್ರಿ, ಈಜಿ ತೋರಸ್ರಿ," ಅಂದಳು ಉದ್ದವ್ವ.

"ಮೊದಲ ಊಟ."

ರೊಟ್ಟಿ ಬುತ್ತಿ ಬಿಚ್ಚಿದ್ದಾಯಿತು, ಶೇಂಗಾ ಚಟ್ನಿ ಮುಗಿದದ್ದಾಯಿತು.

"ಈಗ?"

"ಉಂಡ ಮ್ಯಾಲೆ ಈಜಿದ್ರ ಹೊಟ್ಟಿ ಹಿಡಿತೈತಿ. ಒಂದೀಟ ಅಡ್ಡಾಗತೇನಿ."

ಹೆಂಡತಿಯ ಬಾಯಿಂದ ದೂರ ಇರಲೆಂದು ಮರಳಿನಲ್ಲಿ ನಡೆದು, ಆಚೆಗಿದ್ದ ಒಂದು ಬಂಡೆ ಹತ್ತಿ ಮಲಗಿದ. ಹಿಂದಿನ ರಾತ್ರಿಯೆಲ್ಲ ಅಂಜಿ ಎಚ್ಚರವಿದ್ದವನಿಗೆ ಸತ್ತಂಥ ನಿದ್ದೆ.

ಮೋರೆಗೆ ಉಪ್ಪುನೀರು ಸಿಡಿದಾಗ ಎದ್ದ. ನಡೆದು ಬಂದ ಮರಳು ಇರಲಿಲ್ಲ. ಬಂಡೆಯ ಸುತ್ತ ನೀರು. ಹಿಂದೆ ನೀರು, ಮುಂದೆ ನೀರು, ಒಂದೊಂದು ತೆರೆಯೂ ಬಂಡೆಗೆ ಬಡಿದು ಮೇಲೇರುತ್ತಿತ್ತು. ದಂಡೆಯಲ್ಲಿ ಹಾಜಿಮಲಂಗ ಮೂರು ಮಂದಿ ಮೀನುಗಾರರನ್ನು ಕೂಡಿಸಿಕೊಂಡು, ಅರ್ಧ ಗಾಲಿ ಮುಳುಗಿದ ಮೋಟಾರನ್ನು ನೂಕುತ್ತಿದ್ದ.

"ಕಾಕಾ! ಈಜಿ ಬರ್ರಿ ಲಗೂನ, ಒಂದ ಕೈ ಹಚ್ಚಿ ನೂಕ್ರಿ!"

ಶಿದ್ಲಿಂಗಪ್ಪ ಬಂಡೆಯ ನೆತ್ತಿಗೆ ತೆವಳಿದ. ಅವನು ಸಾಯುತ್ತಿದ್ದಾನೆಂದು ಯಾರಿಗೂ ಚಿಂತೆಯಿಲ್ಲ! ಎಲ್ಲರೂ ನಂಬಿದ್ದಾರೆ, ಇವನು ಘಟಪ್ರಭೆ ಈಜಿದವನು. ಲಾಠಿ ಎತ್ತಿದವನೆದುರು ಬಾಯಿ ಬಿಡದವನಿಗೆ ಈಗ ಎರಡೇ ದಾರಿ: ಮಾನ ಉಳಿಸಿಕೊಂಡು ಮುಳುಗುವುದು, ಇಲ್ಲ ಬಾಯಿ ಬಿಡುವುದು. ಇನ್ನೊಂದು ತೆರೆ ಬಂದು ಧೋತರ ತೋಯಿಸಿತು. ಬಾಯಿ ಬಿಟ್ಟ.

"ನನಗ ಈಜಾಕ ಬರೂದಿಲ್ಲೋ!"

ಉದ್ದವ್ವ ಕಿವಿಗೆ ಕೈ ಹಿಡಿದಳು. "ಏನಂದ್ರಿ? ಜೋರಾಗಿ ಹೇಳ್ರಿ!"

"ಈಜಾಕ ಬರೂದಿಲ್ಲ! ಅವತ್ತು ಎಮ್ಮಿ ಬಾಲ ಹಿಡದು ದಾಟೇನಿ! ಎಮ್ಮೀ ಬಾಲಾ!"

ಮೀನುಗಾರರಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಮೋಟಾರು ಬಿಟ್ಟು ನಗತೊಡಗಿದರು.

ಆಗ ಮಾಯವ್ವ ನೀರಿನಲ್ಲಿ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದು, ಹೊಲದಲ್ಲಿ ನಡೆದಂತೆ ಬಂಡೆಯ ತನಕ ನಡೆದು ಬಂದಳು. ನೀರು ಅವಳ ಸೊಂಟ ದಾಟಲಿಲ್ಲ. ಅಳಿಯನಿಗೆ ಬೆನ್ನು ಮಾಡಿ, ಸೆರಗಿನ ತುದಿ ಹಿಂದಕ್ಕೆ ಬಿಟ್ಟು, ದಂಡೆಯತ್ತ ಕೂಗಿದಳು:

"ಉದ್ದವ್ವಾ! ನಿಮ್ಮ ಮನಿಯಾವ್ರಿಗೆ ಹೇಳವಾ, ಇದನ್ನ ಗಟ್ಟಿ ಹಿಡೀರಿ ಅಂತ. ನಮ್ಮ ಎಮ್ಮಿ ಬಾಲ ಹಿಡದಿದ್ರಲ್ಲ, ಹಂಗ."

ಶಿದ್ಲಿಂಗಪ್ಪ ಬಂಡೆಯ ಮೇಲೆ ಕಲ್ಲಾದ. ನಮ್ಮ ಎಮ್ಮೆ! ಧುಪದಾಳದ ದಂಡೆಯ ಮನೆ ಮಾಯವ್ವನದು. ಅಳಿಯ ಜೇಲಿಗೆ ಹೋದ ಮೇಲೆ ಮಗಳಿಗೆ ಹಾಲಾಗಲಿ ಎಂದು ಆಕೆ ಗೋಕಾಕಕ್ಕೆ ಹೊಡೆದು ಕಳಿಸಿದ ಎಮ್ಮೆ ಅದೇ. ಅಂದರೆ ದಿನಾ ಕುಡಿದ ಹಾಲು...

ಕಣ್ಣು ಮುಚ್ಚಿ ಸೆರಗು ಹಿಡಿದ. ನಾಲ್ಕು ವರ್ಷದ ಹಿಂದಿನ ಹಾಗೆಯೇ ದಂಡೆ ಸೇರಿದ.

"ನಿನಗ ಗೊತ್ತಿತ್ತೇನ?" ಧೋತರ ಹಿಂಡುತ್ತ ಹೆಂಡತಿಯನ್ನು ಕೇಳಿದ.

"ಅವ್ವ ಅವತ್ತು ದಂಡಿ ಮ್ಯಾಲಿಂದ ನೋಡಿದ್ಲು, ಎಮ್ಮಿ ಜೋಡಿ ಸುದ್ದೀನೂ ಕಳಿಸಿದ್ಲರಿ. ನಿಮ್ಮ ಬಾಯಿಂದನ ಬರ್ಲಿ ಅಂತ ಕಾದೆ. ಅವ್ವನ ಕಜ್ಜಿನೂ ಅದಕ್ಕ ಕೂಡಿಬಂತು."

ಆ ವರ್ಷ ಆಗಸ್ಟ್ ಒಂಬತ್ತಕ್ಕೆ ಮಿಲ್ ಕೆಲಸಗಾರರ ಮುಂದೆ ಶಿದ್ಲಿಂಗಪ್ಪ ತಂತಿ ಕಡಿದ ಕಥೆಯಷ್ಟೇ ಹೇಳಿದ. ಚಪ್ಪಾಳೆ ಕಡಿಮೆ ಬಿದ್ದವು, ಹಾರ ಮಾತ್ರ ಬಿತ್ತು. ಹಾರ ಹಾಕಿಕೊಂಡೇ ಮನೆಗೆ ಬಂದರೆ ಬಾಗಿಲಲ್ಲಿ ಉದ್ದವ್ವ ಕೈ ಚಾಚಿ ನಿಂತಿದ್ದಳು. ಬಿಚ್ಚಿ ಕೊಟ್ಟ.

ಅವಳು ಹೋಗಿ ಎಮ್ಮೆಯ ಕೊರಳಿಗೆ ಹಾಕಿದಳು. ಎಮ್ಮೆ ಕೊರಳು ತಿರುಗಿಸಿ, ಹಾರದ ತುದಿಯನ್ನು ಬಾಯಿಗೆ ಎಳೆದುಕೊಂಡು, ಅಗಿಯುತ್ತ ಶಿದ್ಲಿಂಗಪ್ಪನನ್ನು ನೋಡಿತು. ಆಮೇಲೆ ಆ ಕಡೆ ತಿರುಗಿ, ಬಾಲವನ್ನು ಅವನತ್ತ ಮಾಡಿ ನಿಂತಿತು.