ಕಾಕಾನ ಪ್ರವೇಶ ಪರೀಕ್ಷೆ

ನಮ್ಮ ಮನೆಗೆ ಬಂದು ಕಾಕಾನ ಪರೀಕ್ಷೆಗೆ ಕೂರದೆ ಪಾರಾದದ್ದೆಂದರೆ ಬೆಕ್ಕೊಂದೇ! ಹಿಮಾಯತ್‌ನಗರದ ಕನ್ನಡ ಹೈಸ್ಕೂಲೊಂದರಲ್ಲಿ ಅವರು ಮಾಸ್ತರರು. ಎಂಟನೇ ತರಗತಿಗೆ ಹೊಸದಾಗಿ ಬರುವ ಮಕ್ಕಳ ವ್ಯಾಕರಣ, ಓದು, ಪ್ರಬಂಧ ಮೂರನ್ನೂ ತೂಗಿ ನೋಡುವ ಕೆಲಸ ಅವರದು. ಅದು ಜೂನ್ ತಿಂಗಳ ಕೆಲಸವೆಂದು ಶಾಲೆ ತಿಳಿದಿತ್ತು. ಕಾಕಾ ಹನ್ನೆರಡು ತಿಂಗಳೂ ನಡೆಸಿದರು.

ಕಂಪ್ಯೂಟರ್ ನೌಕರಿಯ ಗಂಡು ಸಿಕ್ಕರೆ ಜಾತಕ ನೋಡುವುದನ್ನೂ ಮರೆಯುತ್ತಿದ್ದ ಕಾಲ. ಅಂಥ ಒಬ್ಬಾತ ನನ್ನ ಅಕ್ಕನನ್ನು ನೋಡಲು ಬಂದ. ಉಪ್ಪಿಟ್ಟಿಗಿಂತ ಮೊದಲು ಅವನ ಮುಂದೆ ಬಂದದ್ದು ಬಿಳಿ ಹಾಳೆ! "ನಿಮ್ಮ ಬಗ್ಗೆ ಹತ್ತು ಸಾಲು ಬರೀರಿ, ನೋಡೋಣು." ಆತ ಹೆಸರು, ಊರು, ಕಂಪನಿ ಬರೆದು ನಿಂತ. ಸಂಬಂಧವೂ ಅಲ್ಲಿಗೇ ನಿಂತಿತು. ಕಾಕಾನ ಹೆಂಡತಿ, ನಮ್ಮ ಕಾಕೂ, ಹಣೆ ಚಚ್ಚಿಕೊಂಡರೆ ಕಾಕಾ, "ತನ್ನ ಬಗ್ಗೇನ ಹತ್ತು ಸಾಲು ಇಲ್ಲದಾಂವ ನಲವತ್ತು ವರ್ಷ ಆಕೀ ಜೋಡಿ ಏನು ಮಾತಾಡ್ತಾನ?" ಎಂದರು.

ಇನ್ನು ಶಾಲೆಯ ಓದಿನ ಪರೀಕ್ಷೆ! ಮಗು ಗೇಟಿನಲ್ಲಿ ನಿಂತು ಓದಬೇಕು. ಕಾಕಾ ರಸ್ತೆಯಾಚೆಯ ಇರಾನಿ ಹೋಟೆಲಿನ ಮುಂದೆ ಚಹಾ ಹಿಡಿದು ಕೇಳುತ್ತಾರೆ. ನಡುವೆ ಆಟೋ, ಬಸ್ಸು, ಹಾರ್ನು. ಇದೆಂಥ ನ್ಯಾಯ ಎನ್ನುತ್ತೀರಾ? "ಈ ತೆಲುಗು-ಉರ್ದು ಊರಾಗ ಕನ್ನಡ ಮೆಲ್ಲಗ ಓದಿದ್ರ ಯಾರಿಗೆ ಕೇಳಸ್ತದ?" ಎಂಬುದು ಅವರ ಉತ್ತರ.

ಒಂದು ವರ್ಷ ನಾನೂ ನೋಡಲು ಹೋಗಿದ್ದೆ. ಯಾದಗಿರಿ ಕಡೆಯ ಹುಡುಗಿಯೊಬ್ಬಳು ಊರಂಚಿನ ಮಾದಾಪುರದಿಂದ ಎರಡು ಬಸ್ಸು ಬದಲಿಸಿ ತಾಯಿಯೊಡನೆ ಬಂದಿದ್ದಳು. ತಾಯಿ ಅಲ್ಲಿಯ ಹೊಸ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊರುವಾಕೆ. ಪಾಸಾದರೆ ಎಂಟನೇ ತರಗತಿ, ಇಲ್ಲದಿದ್ದರೆ ನಾಳೆಯಿಂದ ಮಗಳ ತಲೆಯ ಮೇಲೂ ಇಟ್ಟಿಗೆ.

ಹುಡುಗಿ ದನಿ ಎತ್ತಿ ಓದಿದ್ದೇ ತಡ, ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಸಾಹೇಬರು ಎದ್ದು ನಿಂತರು! "ಐದನೇ ಅಂತಸ್ತಿನಾಗ ಇರೋ ಅವ್ವನ್ನ ಕೆಳಗಿಂದ ಕರದು ರೂಢಿ ಐತ್ರಿ," ಎಂದಳು. ವ್ಯಾಕರಣ ಕುಂಟುತ್ತ ದಾಟಿತು. ಉಳಿದದ್ದು ಪ್ರಬಂಧ: 'ನಮ್ಮ ಮನೆ'. ಪುಟ ತುಂಬಲೇಬೇಕು. ಆಕೆ ಪಾಯ, ಗೋಡೆ, ಸ್ಲ್ಯಾಬು ಎಂದು ನಾಲ್ಕು ಸಾಲು ಬರೆದು ಪೆನ್ನು ಕೆಳಗಿಟ್ಟಳು.

"ಯಾಕವಾ, ಇಷ್ಟಕ್ಕ ಮುಗೀತೇನು?"

"ಹೂಂನ್ರಿ ಸರ. ಮನಿ ಮುಗೀತಂದ್ರ ನಾವು ಬ್ಯಾರೆ ಕಡಿ ಹೋಗ್ತೀವ್ರಿ."

ಕಾಕಾ 'ಪಾಸು' ಎಂದು ಬರೆದರು. ಆದರೆ ಹೆಡ್‌ಮಾಸ್ತರರು ಅರ್ಜಿಯ ಖಾಲಿ ಜಾಗ ತೋರಿಸಿ, ವಿಳಾಸವಿಲ್ಲದೆ ದಾಖಲಾತಿ ಇಲ್ಲ ಎಂದರು. ತಾಯಿ ಮಗಳ ಕೈ ಹಿಡಿದು ಹೊರಟು ನಿಂತಳು. ಕಾಕಾ ಅರ್ಜಿಯನ್ನು ತಮ್ಮತ್ತ ಎಳೆದುಕೊಂಡು ನಮ್ಮ ಮನೆಯ ವಿಳಾಸ ಬರೆದುಬಿಟ್ಟರು. ಅಂದು ಅವರ ಮೇಲೆ ಬಂದಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಸುದ್ದಿ ಕೇಳಿ ಕಾಕೂ ಗಾಬರಿಯಾದರು. "ಅಲ್ರೀ, ನಾಳೆ ಯಾರರೆ ಆಕೀನ್ನ ಕೇಳ್ಕೊಂಡು ಇಲ್ಲಿಗೆ ಬಂದ್ರ ನಾ ಏನು ಹೇಳ್ಲಿ?"

ಕಾಕಾ ಚಪ್ಪಲಿ ಬಿಡುತ್ತ ಹೇಳಿದರು: "ಸಾಲಿಗೆ ಹೋಗ್ಯಾಳ, ಸಂಜೀಕ ಬರ್ತಾಳ ಅನ್ನು."