ಕಣ್ಣಾಸ್ಪತ್ರೆಯ ಸರದಿಪಟ್ಟಿ ಕಟ್ಟುವ ಕನ್‌ಸ್ಟ್ರಕ್ಟರ್ ಅವರ ಸನ್ನಿಧಿಗೆ

ಮಾನ್ಯ ಕನ್‌ಸ್ಟ್ರಕ್ಟರ್ ಮಹಾಶಯರೇ,

"ಕೊಟ್ಟಿದ್ದನ್ನ ಹಾಗೇ ಇಟ್ಕೊಳ್ಳತ್ತೆ, ಪಾಪ, ಇನ್ನೇನು ಮಾಡ್ಬೇಕು ಅದು" ಎಂದು ತಮ್ಮ ಬಗ್ಗೆ ನಾವು ಪ್ರೋಗ್ರಾಮು ಬರೆಯುವ ಕೋಣೆಯಲ್ಲಿ ಯಾರೋ ಅಂದಿದ್ದರು. ಯಾರೆಂಬುದು ನೆನಪಿಗೆ ಬರುತ್ತಿಲ್ಲ, ಬರುವುದು ಬೇಡವೆಂದೂ ಅನ್ನಿಸುತ್ತಿದೆ. ಆಸ್ಪತ್ರೆಯ ಕಂಪ್ಯೂಟರಿಗೆ ನಾವು ಬರೆದ ಪ್ರೋಗ್ರಾಮಿನ ಕೆಲವೇ ಸಾಲುಗಳಾಗಿದ್ದು, ಶಸ್ತ್ರಚಿಕಿತ್ಸೆಯ ಹೊಸ ಸರದಿ ಹುಟ್ಟುವ ಗಳಿಗೆಯಲ್ಲಿ ಒಂದೇ ಒಂದು ಸಲ ಮೈಬಗ್ಗಿಸಿ, ಆಮೇಲೆ ಆ ಕಡೆ ತಲೆಯನ್ನೂ ಹಾಕದ ತಮ್ಮ ನಿರ್ಲಿಪ್ತತೆಗೆ ಮೊದಲು ನನ್ನ ನಮಸ್ಕಾರಗಳು.

ವಿಷಯ ಇಷ್ಟೇ. ವಾರ್ಡಿನ ದೊಡ್ಡ ಸಿಸ್ಟರ್ ಮರುದಿನಕ್ಕೆಂದು ಒಂಬತ್ತು ಹೆಸರುಗಳನ್ನು ಟೈಪು ಮಾಡಿ, ಆ ಪಟ್ಟಿಯನ್ನು ತಮ್ಮ ಕೈಗಿತ್ತರು. ಏಳನೆಯವಳು ನನ್ನ ಅಕ್ಕ; ನಲವತ್ತು ವರ್ಷ ಬಟ್ಟೆ ಹೊಲಿದು, ಪೊರೆ ಬಂದ ಮೇಲೆ ಸೂಜಿಗೆ ದಾರ ಪೋಣಿಸಲಾರದೆ, ನಾಲ್ಕು ತಿಂಗಳು ಕಾದು ಸರದಿ ಪಡೆದವಳು. ಸಿಸ್ಟರ್ ಕೈಯಷ್ಟೇ ಶುಚಿಯಾಗಿ ಕಂಪ್ಯೂಟರಿನ ಪರದೆಯನ್ನೂ ಇಟ್ಟುಕೊಳ್ಳುವವರು: ಕೊಟ್ಟಾದ ಪಟ್ಟಿಯನ್ನು ಅಳಿಸಿ, ಅದರಲ್ಲೇ ಕನ್ನಡಕದ ರಿಪೇರಿಗೆ ಬರುವವರ ಹೆಸರು ಬರೆದುಕೊಂಡರು. ತಾವಾದರೋ ಹೆಸರುಗಳನ್ನು ಪ್ರತಿ ಮಾಡಿಕೊಳ್ಳುವ ಸಣ್ಣತನಕ್ಕೆ ಇಳಿಯದೆ, ಅವರ ಪಟ್ಟಿಯನ್ನೇ "ನನ್ನದು" ಎಂದು ತಬ್ಬಿಕೊಂಡಿದ್ದಿರಿ. ಹಾಗಾಗಿ ಅವರು ಅಳಿಸಿದ್ದು ತಮ್ಮಲ್ಲೂ ಅಳಿಯಿತು, ಅವರು ಬರೆದದ್ದು ತಮ್ಮಲ್ಲೂ ಮೂಡಿತು. ಇಂಥ ಅನ್ಯೋನ್ಯತೆಯನ್ನು ನಾನು ಗಂಡಹೆಂಡಿರಲ್ಲೂ ಕಂಡಿಲ್ಲ.

ಮರುದಿನ, ಕನ್ನಡಕದ ಕಾಲು ಸಡಿಲವಾಗಿದೆಯೆಂದು ಬಂದ ಮೇಷ್ಟರೊಬ್ಬರಿಗೆ ಹಸಿರು ಟೋಪಿ ತೊಡಿಸಿ ಒಳಗೆ ಕರೆದೊಯ್ದರು. "ಸಿಸ್ಟರ್, ಸ್ಕ್ರೂ ಬಿಗಿ ಮಾಡೋಕೂ ಮಲಗ್ಬೇಕಾ?" ಎಂದು ಅವರು ಕೇಳಿದ್ದರಿಂದ ಕಣ್ಣು ಉಳಿಯಿತು. ಅಕ್ಕ ಮಾತ್ರ ಹನಿ ಹಾಕಿಸಿಕೊಂಡ ಕಣ್ಣು ಮುಚ್ಚಿ, ಸಂಜೆಯವರೆಗೂ ಬೆಂಚಿನ ಮೇಲೆ ಕುಳಿತಿದ್ದಳು. "ಕಂಪ್ಯೂಟರಲ್ಲಿ ನಾನಿಲ್ವಂತೆ ಕಣೋ. ಮನೇಲಾದ್ರೂ ಇದೀನಾ, ನೋಡಿ ಹೇಳು" ಎಂದಳು. ಮುಂದಿನ ಸರದಿ ಮತ್ತೆ ನಾಲ್ಕು ತಿಂಗಳಿಗೆ.

ಆದ್ದರಿಂದ ಇನ್ನು ಮುಂದೆ ಕೈಗೆ ಬಂದ ಪಟ್ಟಿಯನ್ನು ಪ್ರತಿ ಮಾಡಿಕೊಳ್ಳುವ ಕೃಪೆ ಮಾಡಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಈ ನಾಲ್ಕು ತಿಂಗಳು ತಾವೇ ದಯಮಾಡಿಸಿ ಅಕ್ಕನ ಸೂಜಿಗೆ ದಾರ ಪೋಣಿಸಿ, ಅವಳು ಅಂದಾಜಿನ ಮೇಲೆ ಹೊಲಿದ ಗುಂಡಿಗಳನ್ನು ಬಿಚ್ಚಿ, ಅವಳಿಗೆ ಗೊತ್ತಾಗದಂತೆ ಮತ್ತೆ ಹೊಲಿಯಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಏಳನೆಯವಳ ತಮ್ಮ

ಮರೆತ ಮಾತು: ಪ್ರತಿ ಮಾಡುವ ಒಂದು ಸಾಲು ತಮ್ಮಲ್ಲಿ ಮೊದಲು ಇತ್ತಂತೆ. ಇದ್ದದ್ದನ್ನೇ ಎರಡು ಸಲ ಬರೆಯುವುದು ದಂಡವೆಂದು ಅದನ್ನು ಅಳಿಸಿಹಾಕಿದ ಮಹಾನುಭಾವ ಯಾರೆಂದು ಹಳೆಯ ಕಡತ ತೆಗೆದು ನೋಡಿದೆ. ಹೆಸರು ನನ್ನದೇ. ಅಕ್ಕಾ, ನೀನಿದನ್ನು ಓದಲಾರೆ ಎಂಬ ಧೈರ್ಯದಿಂದಲೇ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆದೆನೇ?